ಎರಡನೇ ಸಲ ಕೇಳಿದ ಕೇಸರಿಬಾತು

ಹಳೇ ಬೆಂಗಳೂರಿನ ಹೋಟೆಲುಗಳ ಬಗ್ಗೆ ಯಾರಾದರೂ ಕಣ್ಣು ಅರೆಮುಚ್ಚಿಕೊಂಡು ಮಾತಾಡಲು ಶುರು ಮಾಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಆ ದೋಸೆ ಏನು, ಆ ಬೆಣ್ಣೆ ಏನು, ಆ ಕಾಫಿಯ ಘಮ ಏನು! ಭಾನುವಾರದ ಪುರವಣಿಗಳಲ್ಲಿ ಹೀಗೆ ಬರೆಯುವವರೂ ಗಂಡಸರೇ, ಓದಿ ಬಾಯಲ್ಲಿ ನೀರೂರಿಸಿಕೊಳ್ಳುವವರೂ ಗಂಡಸರೇ. ನಾನೂ ಅದೇ ಊರಲ್ಲಿ, ಅದೇ ಕಾಲದಲ್ಲಿ ಬೆಳೆದವಳು. ಜಯನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚಿದ್ದ ದಿನಗಳವು. ಮದುವೆಯಾಗುವ ತನಕ ನಾನು ಒಂದೇ ಒಂದು ಹೋಟೆಲಿನ ಮೆಟ್ಟಿಲು ಹತ್ತಿರಲಿಲ್ಲ. ನಮ್ಮಮ್ಮನಂತೂ ಸಾಯುವ ತನಕ ಹತ್ತಲಿಲ್ಲ. ಹೋಗಲಿ ಬಿಡಮ್ಮ, ಹಳೇ ಕಥೆ ಅನ್ನುತ್ತಾರೆ ನನ್ನ ಮಕ್ಕಳು. ಯಾಕೆ ಬಿಡಲಿ?

ಅಪ್ಪ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ಸಂಜೆ ಕೆಲಸ ಮುಗಿಸಿ ಬಸವನಗುಡಿ ಕಡೆಯ ಒಂದು ಹೋಟೆಲಿಗೆ ಹೋಗಿ, ತಿಂದು, ಆಮೇಲೆ ಮನೆಗೆ ಬರುತ್ತಿದ್ದರು. ನಮ್ಮ ಅಡುಗೆಮನೆಯಲ್ಲಿ ಈರುಳ್ಳಿಯ ಹೆಸರೆತ್ತುವಂತಿರಲಿಲ್ಲ. ಅಪ್ಪನ ಅಂಗಿ ಮಾತ್ರ ದಿನಾ ಸಂಜೆ ಈರುಳ್ಳಿ ಪಲ್ಯದ ವಾಸನೆ ಹೊಡೆಯುತ್ತಿತ್ತು. ಅಮ್ಮ ಆ ಅಂಗಿಯನ್ನು ಎರಡು ಬೆರಳಲ್ಲಿ ಎತ್ತಿ ಬಕೆಟ್ಟಿಗೆ ಹಾಕುತ್ತಿದ್ದಳು. ನಾನೂ ಅಕ್ಕನೂ ಒಮ್ಮೆ ಹೋಟೆಲಿಗೆ ಕರೆದುಕೊಂಡು ಹೋಗಿ ಅಂತ ಕೇಳಿದ್ದಕ್ಕೆ, 'ಸಂಸಾರಸ್ಥರ ಮನೆ ಹೆಣ್ಣುಮಕ್ಕಳು ಹೋಟೆಲಲ್ಲಿ ಕೂತು ತಿಂತಾರೇನೇ? ಅಲ್ಲಿ ಯಾರು ಮಾಡಿರ್ತಾರೋ, ಯಾವ ಕೈಯೋ' ಅಂದರು. ಅದೇ ಕೈ ಮಾಡಿದ್ದು ಅವರ ಹೊಟ್ಟೆಗೆ ಹೇಗೆ ಆಗುತ್ತಿತ್ತೋ! ಪುರಾಣ ಹೇಳೋಕೆ, ಬದನೇಕಾಯಿ ತಿನ್ನೋಕೆ.

ಪ್ರಯಾಣದಲ್ಲೂ ಇದೇ ಹಾಡು. ಒಂದು ಸಲ ನೆಂಟರ ಮದುವೆಗೆ ಮೈಸೂರಿಗೆ ರೈಲಲ್ಲಿ ಹೊರಟಿದ್ದೆವು. ಮದ್ದೂರು ಬಂದ ಕೂಡಲೇ ಅಪ್ಪ, ಚಿಕ್ಕಪ್ಪ, ಡಬ್ಬಿಯಲ್ಲಿದ್ದ ಗಂಡಸರೆಲ್ಲ ದಡದಡ ಇಳಿದರು. ಪ್ಲಾಟ್‌ಫಾರಮ್ಮಿನಲ್ಲಿ ನಿಂತು ಬಿಸಿ ಬಿಸಿ ವಡೆ ಮುರಿದು ತಿಂದರು. ನಾವು ಕಿಟಕಿಯ ಸರಳು ಹಿಡಿದುಕೊಂಡು ನೋಡಿದೆವು. ನಮಗೆ ಬೆಳಗಿನ ಜಾವ ಕಲಸಿ ಕಟ್ಟಿ ತಂದ ಮೊಸರನ್ನವಿತ್ತು, ಸೆಕೆಗೆ ಹುಳಿಯೊಡೆದು ಮೂಗಿಗೆ ಬಡಿಯುತ್ತಿತ್ತು. ರೈಲು ಹೊರಟಾಗ ಅಪ್ಪ ಹತ್ತಿ ಬಂದು, ಕರ್ಚೀಫಿನಲ್ಲಿ ಬಾಯಿ ಒರೆಸಿಕೊಂಡು, 'ವಡೆ ಅಷ್ಟೇನೂ ಚೆನ್ನಾಗಿರಲಿಲ್ಲ' ಅಂದರು. ನಮ್ಮನ್ನು ಸಮಾಧಾನ ಮಾಡಿದ್ದಂತೆ! ಥೂ.

ಆ ಮದುವೆಯಲ್ಲೇ ಅಕ್ಕ ಆ ಹುಡುಗನನ್ನು ನೋಡಿದ್ದು.

ಅಲ್ಲಿ ನಮ್ಮನ್ನು ಕೂರಿಸಿದ್ದು ಹೆಂಗಸರ ಕಡೇ ಪಂಕ್ತಿಯಲ್ಲಿ. ಪಲ್ಯ ಮುಗಿದಿತ್ತು, ಹಪ್ಪಳ ಮೆತ್ತಗಾಗಿತ್ತು. ಹೋಳಿಗೆ ನಮ್ಮ ಸಾಲಿನ ನಡುವಿನವರೆಗೆ ಬಂದು ನಿಂತುಹೋಯಿತು. ಬಡಿಸಲು ನಿಂತಿದ್ದ ಹುಡುಗರಲ್ಲಿ ಒಬ್ಬ ಮಾತ್ರ, ಸಪೂರ ಆಸಾಮಿ, ಅಕ್ಕನ ಎಲೆ ನೋಡಿ, 'ನಿಮಗೆ ಬರಲಿಲ್ಲ ಅಲ್ವಾ? ತಾಳಿ' ಅಂದು ಉಗ್ರಾಣಕ್ಕೆ ಓಡಿದ. ಎಲ್ಲಿಂದಲೋ ಎರಡು ಹೋಳಿಗೆ ಹಿಡಿದುಕೊಂಡು ಬಂದು ಅಕ್ಕನಿಗೊಂದು, ನನಗೊಂದು ಹಾಕಿದ. ತುಪ್ಪ ಸಿಗಲಿಲ್ಲ ಅಂತ ಬೇಜಾರು ಬೇರೆ ಮಾಡಿಕೊಂಡ. ಅಷ್ಟು ಸಾಕಾಯಿತು ಅಕ್ಕನಿಗೆ. ವಾಪಸು ಬರುವಾಗ ರೈಲಲ್ಲಿ ನನ್ನ ಕಿವಿಯಲ್ಲಿ, 'ಅವರ ಮನೆ ತ್ಯಾಗರಾಜನಗರದಲ್ಲಂತೆ ಕಣೇ' ಅಂದಳು. ಮುಖ ಕೆಂಪಗಾಗಿತ್ತು.

ಅಷ್ಟರಲ್ಲಿ ಅಕ್ಕನನ್ನು ನೋಡಿಕೊಂಡು ಹೋದವರು ಎಷ್ಟೋ ಮಂದಿ. ಬರುವುದು, ಉಪ್ಪಿಟ್ಟು ಕೇಸರಿಬಾತು ತಿನ್ನುವುದು, ಒಂದು ಹಾಡು ಹೇಳಿಸುವುದು, ಊರಿಗೆ ಹೋಗಿ ಕಾಗದ ಹಾಕ್ತೀವಿ ಅನ್ನುವುದು. ಇರುತ್ತಿದ್ದದ್ದು ಮಲ್ಲೇಶ್ವರದಲ್ಲಿ, ಕಾಗದ ಯಾಕೋ? ಒಬ್ಬರಿಗೆ ಬಣ್ಣ ಸಾಲದು, ಒಬ್ಬರಿಗೆ ಎತ್ತರ ಜಾಸ್ತಿ. ಅಪ್ಪನಿಗೆ ಮಾತ್ರ ಅಕ್ಕನ ಉಪ್ಪಿಟ್ಟಿನದೇ ತಪ್ಪು ಅಂತ ತಲೆಗೆ ಹೊಕ್ಕಿಬಿಟ್ಟಿತ್ತು. 'ನೀನು ಗಂಟು ಗಂಟಾಗಿ ಕೆದಕಿ ಇಟ್ಟರೆ ಯಾವನು ಒಪ್ತಾನೆ?' ಅನ್ನುತ್ತಿದ್ದರು. ಹೆಣ್ಣು ಹುಡುಕುವವನು ಹೆಣ್ಣು ನೋಡದೆ ಉಪ್ಪಿಟ್ಟಿನ ಗಂಟು ಎಣಿಸಿಕೊಂಡು ಕೂತಿರುತ್ತಾನೆಯೇ? ಹೇಳುವವರು ಯಾರು!

ದಲ್ಲಾಳಿ ಜೋಯಿಸರು ಹೊಸ ಜಾತಕ ತಂದಾಗ, ನೋಡಿದರೆ ಅದೇ ಹುಡುಗ. ಜಾತಕವೂ ಕೂಡಿತು. ಗುರುವಾರ ಸಂಜೆ ಹೆಣ್ಣು ನೋಡಲು ಬರುತ್ತೇವೆಂದು ಹೇಳಿಕಳಿಸಿದರು. ಅಕ್ಕ ಆ ವಾರವೆಲ್ಲ ಉಪ್ಪು ಹಾಕಬೇಕಾದಲ್ಲಿ ಸಕ್ಕರೆ ಹಾಕಿದಳು, ಕೇಳಿದ್ದಕ್ಕೆ ನಕ್ಕಳು. ಅವಳಿಗೆ ಆ ಹುಡುಗ ಬೇಕಾಗಿತ್ತು, ಅಮ್ಮನ ಹತ್ತಿರ ಹಾಗಂತ ಹೇಳಿಯೂಬಿಟ್ಟಳು. ಅವಳು ಬಾಯಿಬಿಟ್ಟು ಒಂದು ಬೇಕು ಅಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಗುರುವಾರ ಬೆಳಿಗ್ಗೆ ಎದ್ದು ನೋಡಿದರೆ ಅಮ್ಮ ಹಿತ್ತಲ ಜಗಲಿಯಲ್ಲಿ ಚಾಪೆ ಹಾಕಿಕೊಂಡು ಕೂತಿದ್ದಾಳೆ. ಮುಟ್ಟಾಗಿದ್ದಳು. ಇನ್ನು ಮೂರು ದಿನ ಅವಳು ಒಳಗೆ ಬರುವಂತಿಲ್ಲ, ಒಲೆಯ ಹತ್ತಿರ ಸುಳಿಯುವಂತಿಲ್ಲ. ಅಕ್ಕ, 'ನಾನು ಮಾಡ್ತೀನಿ, ಏನೀಗ?' ಅಂದಳು. ಅಪ್ಪ ಕೇಳಲಿಲ್ಲ. ಮಧ್ಯಾಹ್ನ ಟಿಫನ್ ಕ್ಯಾರಿಯರ್ ಸೈಕಲ್ಲಿಗೆ ನೇತುಹಾಕಿಕೊಂಡು ಹೋದವರು ತಮ್ಮ ಹೋಟೆಲಿನಿಂದ ಖಾರಾಬಾತು, ಕೇಸರಿಬಾತು ತುಂಬಿಸಿಕೊಂಡು ಬಂದರು. ಹೋಟೆಲಿನ ತಿಂಡಿ ನಮ್ಮ ಹೊಸಿಲು ದಾಟಿ ಬಂದದ್ದು ಅವತ್ತೇ. ನನ್ನ ಕೈಯಲ್ಲಿ ಅದನ್ನೆಲ್ಲ ಮನೆಯ ಪಾತ್ರೆಗಳಿಗೆ ಹಾಕಿಸಿದರು. 'ಹುಡುಗೀನೇ ಮಾಡಿದ್ದು ಅಂತೀನಿ. ಯಾರೂ ತುಟಿ ಬಿಚ್ಚಬೇಡಿ.'

'ಸುಳ್ಳು ಹೇಳಬೇಡಿ ಅಪ್ಪ, ಇವರ ಹತ್ತಿರ ಬೇಡ' ಅಂದಳು ಅಕ್ಕ.

'ನಿನ್ನ ಒಳ್ಳೇದಕ್ಕೇ ಹೇಳ್ತಿರೋದು. ಸುಮ್ಮನಿರು.'

ಸಂಜೆ ಮೂರು ಜನ ಬಂದರು. ಹುಡುಗ, ಅವನ ತಾಯಿ, ಅವನ ಅಪ್ಪ. ಆ ಅಪ್ಪನಿದ್ದನಲ್ಲ, ಅವನಿಗೆ ಬಹುವಚನ ಹಾಕಲು ನನಗೆ ಈಗಲೂ ಮನಸ್ಸು ಬಾರದು. ಜರಿಪಂಚೆ, ಹಣೆಗೆ ಅಕ್ಷತೆ, ಕೂತ ತಕ್ಷಣ ಬಡಾಯಿ. 'ನಮ್ಮ ಮನೇಲಿ ಆಚಾರ ಸ್ವಲ್ಪ ಜಾಸ್ತಿ ಸ್ವಾಮಿ. ಹೊರಗಡೆ ನಾನು ನೀರೂ ಮುಟ್ಟೋನಲ್ಲ. ಹೋಟೆಲ್ ಅನ್ನೋ ಹೆಸರೇ ನಮ್ಮಲ್ಲಿಲ್ಲ. ಬರೋ ಸೊಸೆನೂ ಹಾಗೇ ಇರಬೇಕು.' ನಮ್ಮಪ್ಪ ಹೌದೌದು ಅಂತ ತಲೆಯಾಡಿಸಿದ್ದೇ ಆಡಿಸಿದ್ದು. ತಾಯಿ ಒಂದು ಮಾತೂ ಆಡದೆ ಗೋಡೆಗೆ ಒರಗದೆ ನೆಟ್ಟಗೆ ಕೂತಿದ್ದರು. ನನ್ನನ್ನು ನೋಡಿ ಮುಗುಳ್ನಕ್ಕರು. ಹುಡುಗ ಅಕ್ಕನನ್ನು ಕದ್ದು ನೋಡುತ್ತಿದ್ದ, ಅಕ್ಕ ಚಾಪೆ ನೋಡುತ್ತಿದ್ದಳು.

ನಾನು ತಟ್ಟೆಗಳನ್ನು ತಂದಿಟ್ಟೆ. 'ಎಲ್ಲಾ ನಮ್ಮ ಹುಡುಗಿ ಕೈಯಲ್ಲೇ ಮಾಡಿದ್ದು' ಅಂದರು ಅಪ್ಪ. ಆ ಮಹಾನುಭಾವ ಕೇಸರಿಬಾತು ಒಂದು ತುತ್ತು ಬಾಯಿಗಿಟ್ಟ. ಕಣ್ಣು ಮುಚ್ಚಿದ. ಇನ್ನೊಂದು ತುತ್ತು ಇಟ್ಟ. ಆಮೇಲೆ ತಟ್ಟೆಯನ್ನು ಹಿಂದಕ್ಕೆ ತಳ್ಳಿದ.

'ಇದು ಮನೇಲಿ ಮಾಡಿದ್ದಲ್ಲ ಸ್ವಾಮಿ. ಹೋಟೆಲಿಂದು. ಸರ್ಕಲ್ ದಾಟಿ ಮೂಲೇಲಿದೆಯಲ್ಲ, ಅಲ್ಲಿದು. ಗುರುವಾರ ಗುರುವಾರ ಮಾತ್ರ ಅನಾನಸು ಹಾಕ್ತಾನೆ, ಬೇರೆ ದಿನ ಬರೀ ದ್ರಾಕ್ಷಿ. ನನ್ನ ಹತ್ತಿರ ನಡೆಯಲ್ಲ ಇದೆಲ್ಲ. ಹೆಣ್ಣು ತೋರಿಸೋ ದಿನಾನೇ ಮೋಸ ಮಾಡೋದೇ?'

ನಮ್ಮಪ್ಪನ ಮುಖ ಹುಳ್ಳಗಾಯಿತು. ಜೋಯಿಸರಿದ್ದಿದ್ದರೆ ಏನಾದರೂ ಮಾತು ಹೊಸೆಯುತ್ತಿದ್ದರೋ ಏನೋ, ಅವರೂ ಬಂದಿರಲಿಲ್ಲ. ಅಕ್ಕ ತಲೆಯೆತ್ತಿದಳು.

'ಹೌದು, ಹೋಟೆಲಿಂದೇ. ನಾನು ಮಾಡಿದ್ದಲ್ಲ' ಅಂದಳು. 'ಗುರುವಾರ ಅನಾನಸು ಅಂತ ತಮಗೆ ಹೇಗೆ ಗೊತ್ತಾಯ್ತು?'

ಅಯ್ಯೋ, ಆ ಮುಖ ನೋಡಬೇಕಿತ್ತು! ಬಾಯಿ ತೆರೆದ, ಮುಚ್ಚಿದ, ಕೆಮ್ಮಿದ. ನನಗೆ ನಗು ಒತ್ತರಿಸಿ ಬಂತು. ಆದರೆ ಆಗ ಅವನ ಹೆಂಡತಿ ಮಾತಾಡಿದರು. ಯಾರನ್ನೂ ಬೈದದ್ದಲ್ಲ, ತಮಗೆ ತಾವೇ ಹೇಳಿಕೊಂಡದ್ದು.

'ಗುರುವಾರ ಮಠಕ್ಕೆ ಅಂತ ಹೋಗ್ತಿದ್ರಿ. ರಾತ್ರಿ ಒಪ್ಪತ್ತು ಅಂತ ಬರೀ ಹಾಲು ಕುಡೀತಿದ್ರಿ. ನಾನೂ ನಿಮ್ಮ ಜೊತೆ ಉಪವಾಸ ಮಲಗ್ತಿದ್ದೆ.'

ಆಕೆ ತಮ್ಮ ತಟ್ಟೆ ನೋಡಿಕೊಂಡರು, ಖಾಲಿಯಾಗಿತ್ತು. ನನ್ನ ಕಡೆ ತಿರುಗಿ ತಟ್ಟೆ ಚಾಚಿದರು. 'ಮಗು, ಕೇಸರಿಬಾತು ಇನ್ನೊಂದು ಚೂರು ಹಾಕ್ತೀಯಾ? ಬಹಳ ಚೆನ್ನಾಗಿದೆ. ನಾನು ಹೋಟೆಲಿಂದು ಯಾವತ್ತೂ ತಿಂದೇ ಇಲ್ಲ ಕಣಮ್ಮ.'

ನಾನು ಓಡಿಹೋಗಿ ಪಾತ್ರೆಯನ್ನೇ ತಂದೆ. ದೊಡ್ಡ ದೊಡ್ಡ ಎರಡು ಸೌಟು ಹಾಕಿದೆ. ಆಕೆ ಸಣ್ಣ ಮಕ್ಕಳ ಹಾಗೆ ಮೊದಲು ಅನಾನಸಿನ ಚೂರನ್ನೇ ಆರಿಸಿ ಬೆರಳಲ್ಲಿ ಹಿಡಿದರು.

'ಏಳೇ, ಸಾಕು' ಅಂದ ಗಂಡ. 'ಹೊತ್ತಾಯ್ತು.'

ಆಕೆಯ ಕೈ ಅಲ್ಲೇ ನಿಂತಿತು. ಗಂಡನನ್ನು ನೋಡಲಿಲ್ಲ, ಮಗನನ್ನು ನೋಡಿದರು. ಅವನು ತನ್ನ ತಟ್ಟೆಯಲ್ಲಿ ಉಳಿದಿದ್ದ ಖಾರಾಬಾತಿನ ಕಡೇ ತುತ್ತನ್ನು ಬಾಯಿಗೆ ಹಾಕಿಕೊಂಡು ಕರ್ಚೀಫು ಹುಡುಕುತ್ತಿದ್ದ. ಆಕೆ ಆ ಚೂರನ್ನು ತಟ್ಟೆಗೇ ಬಿಟ್ಟು, ತಟ್ಟೆಯನ್ನು ಗೋಡೆಯ ಪಕ್ಕ ಸರಿಸಿ, ಎದ್ದು ನಿಂತರು. ಮೂವರೂ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು.

ಆಮೇಲೆ ಮನೆಯಲ್ಲಿ ರಾದ್ಧಾಂತ. 'ಬಾಯಿ ಮುಚ್ಕೊಂಡಿರೋಕೆ ನಿನಗೇನಾಗಿತ್ತು ರೋಗ? ಮಾನ ಮೂರಾಬಟ್ಟೆ ಮಾಡಿದೆಯಲ್ಲೇ!' ಅಂತ ಅಪ್ಪ ಕೂಗಾಡಿದರು. ಮಾನ ಕ್ಯಾರಿಯರಿನಲ್ಲಿ ತಂದವರು ಅವರು, ಕಳೆದವಳು ಅಕ್ಕ! ಅಮ್ಮ ಹಿತ್ತಲಲ್ಲಿ ಕೂತು ಎಲ್ಲಾ ಕೇಳಿಸಿಕೊಂಡಿದ್ದಳು. ಆ ಹೆಂಗಸು ಕೇಸರಿಬಾತು ಪೂರ್ತಿ ತಿಂದರಾ ಅಂತ ಒಂದೇ ಮಾತು ನನ್ನನ್ನು ಕೇಳಿದಳು. ಇಲ್ಲ ಅಂದೆ. ಅವಳು ಚಾಪೆಯ ಕಡ್ಡಿ ಕೀಳುತ್ತಾ ಕೂತಳು.

ಇನ್ನು ಆ ಸಂಬಂಧದ ಮಾತೇ ಇಲ್ಲ ಅಂದುಕೊಂಡಿದ್ದೆವು. ಮುಂದಿನ ವಾರ ಜೋಯಿಸರು ಹಲ್ಲು ಕಿರಿಯುತ್ತಾ ಬಂದರು. ಅವನ ಅಪ್ಪ ಬೇಡವೇ ಬೇಡ ಅಂದರೂ ಹುಡುಗ ಹಟ ಹಿಡಿದು ಕೂತಿದ್ದಾನಂತೆ, ಮದುವೆ ಅಂತಾದರೆ ಈ ಹುಡುಗಿಯನ್ನೇ ಅಂತ ಎರಡು ದಿನ ಊಟ ಬಿಟ್ಟನಂತೆ. ಕೊನೆಗೆ ಆ ಅಪ್ಪನೂ ಒಪ್ಪಿದನಂತೆ. ನನಗೆ ಕುಣಿಯುವಷ್ಟು ಸಂತೋಷವಾಯಿತು. ಅಕ್ಕ ಒಳಗೆ ಎದ್ದು ಹೋದಳು. ನಾಚಿಕೆ ಅಂದುಕೊಂಡೆ.

ಅವತ್ತು ಅಪ್ಪ ಹಬ್ಬದವರ ಹಾಗೆ ಊಟಕ್ಕೆ ಕೂತರು. ನಾವಿಬ್ಬರೂ ಎದುರಿಗೆ. ಅಮ್ಮ ಎಂದಿನ ಹಾಗೆ ಹುಳಿಯ ಪಾತ್ರೆ ಹಿಡಿದು ನಿಂತಿದ್ದಳು, ಅಪ್ಪನ ಊಟವಾಗದೆ ಕೂರುವವಳಲ್ಲ. ಲಗ್ನಪತ್ರಿಕೆ ಯಾವಾಗ, ಛತ್ರ ಯಾವುದು ಅಂತ ಅಪ್ಪ ಶುರು ಮಾಡಿದ ಕೂಡಲೇ ಅಕ್ಕ, 'ನನಗೆ ಬೇಡ ಅಪ್ಪ' ಅಂದಳು.

'ಏನು ಬೇಡ?'

'ಆ ಮದುವೆ.'

'ತಲೆ ಕೆಟ್ಟಿದೆಯಾ? ಅವನೇ ಬೇಕು ಅಂತ ಅಮ್ಮನ ಹತ್ತಿರ ಹೇಳಿದ್ದೆಯಂತಲ್ಲ?'

'ಈಗಲೂ ಬೇಕು ಅನ್ನಿಸುತ್ತೆ' ಅಂದಳು ಅಕ್ಕ. ಕಣ್ಣೀರು ಅನ್ನದ ಮೇಲೇ ಬೀಳುತ್ತಿತ್ತು, ಒರೆಸಿಕೊಳ್ಳಲಿಲ್ಲ. 'ತನಗೆ ಬೇಕಾದ್ದಕ್ಕೆ ಎರಡು ದಿನ ಊಟ ಬಿಟ್ಟು ಕೂತ್ಕೋತಾನೆ. ಅವತ್ತು ಅವರಮ್ಮ ಕೇಳಿ ಹಾಕಿಸಿಕೊಂಡ ತಟ್ಟೆ ಬಿಟ್ಟು ಎದ್ದರು. ಅಮ್ಮ ತಿನ್ನಲಿ ಇರಿ ಅನ್ನೋಕೆ ಬಾಯಿ ಬರಲಿಲ್ಲ ಅವನಿಗೆ. ಇನ್ನು ಇಪ್ಪತ್ತು ವರ್ಷಕ್ಕೆ ಆ ತಟ್ಟೆ ಬಿಟ್ಟು ಏಳೋಳು ನಾನೇ ಅಪ್ಪ.'

'ಅದೊಂದು ಕೇಸರಿಬಾತಿಗೆ...' ಅಂದರು ಅಪ್ಪ. ಆಮೇಲೆ ಕೂಗಿದರು. 'ಇದನ್ನ ಬಿಟ್ಟರೆ ಇನ್ನು ಯಾವನು ಬರ್ತಾನೆ ನಿನ್ನ ಬಾಗಿಲಿಗೆ? ನೀನಾದರೂ ಹೇಳೇ ಇವಳಿಗೆ!'

ಅಮ್ಮ ಹುಳಿಯ ಪಾತ್ರೆಯನ್ನು ಅಪ್ಪನ ತಟ್ಟೆಯ ಮುಂದೆ ಇಟ್ಟಳು. 'ಬೇಕಾದರೆ ಹಾಕ್ಕೊಳ್ಳಿ' ಅಂದಳು. ಅಡುಗೆಮನೆಗೆ ಹೋಗಿ ತನಗೊಂದು ತಟ್ಟೆ ತಂದು, ಅಕ್ಕನ ಪಕ್ಕ ಕೂತು, ಅನ್ನ ಬಡಿಸಿಕೊಂಡಳು.