ಬೆನ್ನ ಮೇಲಿನ ಹಸಿರು ಕೈ

ಗಂಗಾವತಿಗೆ ಇನ್ನೂ ರೈಲು ಬಂದಿರಲಿಲ್ಲ ಆಗ. ಊರ ಹೊರಗೆ ಹೊಲ ಒಡೆದು ಪ್ಲಾಟು ಮಾಡಿದ್ದರು, ಡಾಂಬರು ಹಾಕಿದ್ದರು, ಮನೆ ಮಾತ್ರ ಒಂದೂ ಎದ್ದಿರಲಿಲ್ಲ. ಆ ಖಾಲಿ ರಸ್ತೆಯ ಮೇಲೆ ಬೇಸಿಗೆ ರಜೆ ಪೂರ್ತಿ ಬೆಳಗಿನ ಆರಕ್ಕೆ ಹದಿನಾಲ್ಕು ಮಕ್ಕಳು ಕಾಲಿಗೆ ಗಾಲಿ ಕಟ್ಟಿಕೊಂಡು ಓಡುತ್ತಿದ್ದವು. ಸ್ಕೇಟಿಂಗು. ಅವರಲ್ಲಿ ನನ್ನ ಮಗನ ಮಗಳು ಪವಿತ್ರಾ ಒಬ್ಬಳು. ಹತ್ತು ವರ್ಷ. ಮನೆಯಲ್ಲಿ ಪವಿ ಅನ್ನುತ್ತಿದ್ದೆವು.

ಎಲ್ಲರೂ ತಮ್ಮ ಬಾಲ್ಯ ಬರೆಯುತ್ತಾರೆ. ನನ್ನದರಲ್ಲಿ ಬರೆಯುವಂಥದ್ದು ಏನಿಲ್ಲ. ಸೆಗಣಿ ಬಳಿದದ್ದು, ದನ ಕಾದದ್ದು, ಮೂರನೇ ತರಗತಿಗೆ ಸಾಲಿ ಬಿಟ್ಟದ್ದು. ಮುಗಿಯಿತು. ಅದಕ್ಕೇ ಪವಿಯ ಬಾಲ್ಯದ ಒಂದು ಬೇಸಿಗೆ ಬರೆಯುತ್ತೇನೆ. ಅದನ್ನು ಪಕ್ಕದಲ್ಲಿ ಕೂತು ಕಂಡವಳು ನಾನು.

ದಿನಾ ಅವಳ ಜೊತೆ ಹೋಗುವುದು ನನ್ನ ಕೆಲಸ. ಚರಂಡಿಗೆಂದು ತಂದು ಹಾಕಿದ್ದ ಸಿಮೆಂಟ್ ಪೈಪಿನ ಮೇಲೆ ಕೂಡುತ್ತಿದ್ದೆ. ಆ ಹೊತ್ತಿಗೆ ಗಿರಣಿಗಳ ಕಡೆಯಿಂದ ಭತ್ತ ಕುದಿಸುವ ವಾಸನೆ ಬರುತ್ತಿತ್ತು, ಬಿಸಿ ತೌಡಿನ ವಾಸನೆ. ಚೀಲದಲ್ಲಿ ನೀರು, ಮಂಡಕ್ಕಿ ನೆನೆಸಿ ಮಾಡಿದ ಮಂಡಾಳ ಒಗ್ಗರಣಿ, ಎರಡು ಹಸಿ ಉಳ್ಳಾಗಡ್ಡಿ. ಮಧ್ಯೆ ವಿಶ್ರಾಂತಿ ಕೊಟ್ಟರೆ ಈ ಮಕ್ಕಳು ಕೂಡುವವಲ್ಲ. ಗಾಲಿ ಮೇಲೆಯೇ ಮುಟ್ಟಾಟ ಆಡಿ, ಬೆವರ ಕೈಯಲ್ಲೇ ನನ್ನ ಡಬ್ಬಿಗೆ ಕೈ ಹಾಕುತ್ತಿದ್ದವು.

ಪವಿಗೆ ಹುಟ್ಟಿದಾಗಿನಿಂದ ಕಿವಿ ಮಂದ. ಎದುರಿಗೆ ನಿಂತು ಮಾತಾಡಿದರೆ ತುಟಿ ನೋಡಿ ತಿಳಿದುಕೊಳ್ಳುತ್ತಿದ್ದಳು. ಹಿಂದಿನಿಂದ ಹಲಗೆ ಬಡಿದರೂ ತಿರುಗುತ್ತಿರಲಿಲ್ಲ. ಸಾಲಿಯಲ್ಲಿ ಹಿಂದಿನ ಬೆಂಚು, ಮಾಸ್ತರರ ಬಾಯಿ ಕಾಣುತ್ತಿರಲಿಲ್ಲ, ಹೀಗಾಗಿ ದಡ್ಡಿ ಅನಿಸಿಕೊಂಡಿದ್ದಳು. ನಿಜ ಹೇಳುತ್ತೇನೆ, ಗಾಲಿ ಆಟ ನನಗೂ ಸೇರುತ್ತಿರಲಿಲ್ಲ. ದೇವರು ಪಾದ ಕೊಟ್ಟ ಮೇಲೆ ಗಾಲಿ ಯಾಕೆ? ಆದರೆ ಗಾಲಿ ಕಟ್ಟಿಕೊಂಡಾಗ ಅವಳನ್ನು ಯಾರೂ ದಡ್ಡಿ ಅನ್ನುತ್ತಿರಲಿಲ್ಲ. ಅದೊಂದಕ್ಕೆ ನಾನು ಬಾಯಿ ಮುಚ್ಚಿಕೊಂಡಿದ್ದೆ.

ತೊಂದರೆ ಇದ್ದದ್ದು ಇಲ್ಲಿ. ಹಿಂದಿನಿಂದ ಜೋರಾಗಿ ಬರುವವರು "ಸೈಡ್! ಸೈಡ್!" ಎಂದು ಕೂಗುತ್ತಾರೆ, ಮುಂದಿನವರು ಸರಿಯಬೇಕು. ಪವಿಗೆ ಕೇಳಿಸದು. ಒಮ್ಮೆ ಒಬ್ಬ ಹುಡುಗಿ ಬಂದು ಗುದ್ದಿ ಇಬ್ಬರ ಮೊಣಕಾಲೂ ತರಚಿದವು. ಎರಡನೇ ಸಲ ಗುಂಪಿನಲ್ಲೇ ಸಣ್ಣವಳು, ಆರು ವರ್ಷದ ಪೋರಿ, ಪವಿಯ ಬೆನ್ನಿಗೆ ಬಡಿದು ಗದ್ದ ಒಡೆದುಕೊಂಡಳು. ಎರಡು ಹೊಲಿಗೆ ಬಿದ್ದವು. ಅದೂ ಕೊಪ್ಪಳದ ಸ್ಪರ್ಧೆ ಎರಡು ವಾರ ಇದೆ ಅನ್ನುವಾಗ.

ಮರುದಿನ ಸ್ಕೇಟಿಂಗು ಕಲಿಸುವ ಮಾಸ್ತರ ನನ್ನ ಪೈಪಿನ ಹತ್ತಿರ ಬಂದ. ಇನ್ನೂ ಮೀಸೆ ಸರಿಯಾಗಿ ಮೂಡಿರದ ಹುಡುಗ.

"ಅಮ್ಮಾರೇ, ಪವಿ ಭಾಳ ಛಲೋ ಓಡ್ತಾಳ್ರಿ, ಇಲ್ಲ ಅನ್ನಂಗಿಲ್ಲ. ಆದ್ರ ಹಿಂದಿನವರು ಕೂಗಿದ್ದು ಆಕಿಗೆ ಕೇಳಂಗಿಲ್ಲ. ಕೊಪ್ಪಳದಾಗ ಬ್ಯಾರೆ ಊರಿನ ಮಕ್ಕಳೂ ಇರ್ತಾರ. ಅಲ್ಲಿ ಏನರ ಆದ್ರ?"

"ಅಂದ್ರ ಕರ್ಕೊಂಡು ಹೋಗಂಗಿಲ್ಲ ಅಂತೀ."

"ಈ ಸಲ ಬ್ಯಾಡ್ರಿ."

"ಮುಂದಿನ ಸಲ ಆಕಿಗೆ ಹೊಸಾ ಕಿವಿ ಬರ್ತಾವೇನು ತಮ್ಮಾ?"

ಪವಿ ಅಷ್ಟು ದೂರ ನಿಂತು ನಮ್ಮಿಬ್ಬರ ತುಟಿ ನೋಡುತ್ತಿದ್ದಳು. ಅವಳಿಗೆ ಬೇರೆ ಹೇಳಬೇಕಾಗಲಿಲ್ಲ.

ಆ ದಿನ ಗಾಲಿ ಬಿಚ್ಚಲಿಲ್ಲ ನೋಡಿ. ಅಡಿಗೆಮನೆಗೂ ಗಾಲಿ ಮೇಲೆ, ಊಟಕ್ಕೂ ಗಾಲಿ ಮೇಲೆ. ಸೊಸೆ ರೇಣುಕಾ ರೊಟ್ಟಿ ಬಡಿಯುತ್ತಾ, "ಬಿಡ್ರಿ ಅತ್ತೀ, ಛಲೋನ ಆತು. ಒಂದಿನ ಹಲ್ಲು ಮುರ್ಕೊಂಡು ಬರಾಕಿನ ಇದ್ಲು. ಆ ಗಾಲಿ ಯಾರಿಗರ ಕೊಟ್ಟುಬಿಡ್ತೀನಿ" ಅಂದಳು. ಅವಳ ಭಯ ಅವಳದು. ಹೆತ್ತವಳಲ್ಲವೆ.

ಸ್ಪರ್ಧೆಗೆಂದು ಮಾಸ್ತರ ಮೊದಲೇ ಎಲ್ಲರಿಗೂ ನೀಲಿ ಟೀ ಶರ್ಟು ಹಂಚಿದ್ದ. ಎದೆ ಮೇಲೆ ಗುಂಪಿನ ಹೆಸರು, ಬೆನ್ನು ಖಾಲಿ. ಬೆನ್ನ ಮೇಲೆ ತಂತಮ್ಮ ಮನಸ್ಸಿಗೆ ಬಂದದ್ದು ಬರೆದುಕೊಳ್ಳಬೇಕು, ಒಬ್ಬರದಿದ್ದಂತೆ ಇನ್ನೊಬ್ಬರದು ಇರಬಾರದು ಅಂತ ಕರಾರು. ಒಬ್ಬ ಹುಲಿ ಬರೆಸಿದ್ದ. ಒಬ್ಬಳು ಸಿಡಿಲು. ಪವಿಯದು ಗೂಟಕ್ಕೆ ತೂಗುತ್ತಿತ್ತು. ಅದರ ಖಾಲಿ ಬೆನ್ನು ನೋಡುತ್ತಾ ನೋಡುತ್ತಾ, ಇಲ್ಲೇ ಏನಾದರೂ ಗುರುತು ಹಾಕಿದರೆ ಹಿಂದಿನವರು ಕೂಗುವ ಕೆಲಸವೇ ಇಲ್ಲವಲ್ಲ ಅನಿಸಿತು.

ಹೇಳಿದೆ. ಪವಿ ಸಿಟ್ಟಿಗೆದ್ದಳು.

"ಕಿವುಡಿ ಅಂತ ಬೆನ್ನಿಗೆ ಬರಕೊಂಡು ಅಡ್ಡಾಡ್ಲೇನಮ್ಮಾ?" ನಮ್ಮ ಕಡೆ ಅಜ್ಜಿಗೆ ಅಮ್ಮ ಅನ್ನುವುದು.

"ಬರಿಯೋದು ಬ್ಯಾಡಾ ಮತ್ತ."

ನನ್ನ ಮಗ, ಅವಳ ಅಪ್ಪ, ಕೇಳದೆ ಒಂದು ಹಾಳೆ ಮೇಲೆ ದಪ್ಪ ಅಕ್ಷರದಲ್ಲಿ ಬರೆದೇ ಬಿಟ್ಟ: ಕಿವಿ ಕೇಳುವುದಿಲ್ಲ, ಬಲಗಡೆಯಿಂದ ಹೋಗಿ. ನಾನು ಅದನ್ನು ಅವಳ ಬೆನ್ನಿಗೆ ಪಿನ್ನು ಚುಚ್ಚಿ, ಓಣಿಯಲ್ಲಿ ಓಡು ಅಂದೆ. ಹಿಂದೆ ನಾನು ಓದುತ್ತಾ ನಡೆದೆ. ನಾನು 'ಕಿವಿ' ಅನ್ನುವಷ್ಟರಲ್ಲಿ ಅವಳು ಮೂಲೆ ತಿರುಗಿ ಹೋಗಿಬಿಟ್ಟಿದ್ದಳು.

"ಓದಾಕ ಬಂದವರಿಗೂ ಓಡೂಮುಂದ ಓದಾಕ ಬರಂಗಿಲ್ಲ" ಅಂದೆ ಮಗನಿಗೆ. "ಆ ಗದ್ದ ಒಡಕೊಂಡ ಪೋರಿಗಂತೂ ಅಕ್ಷರನ ಬರಂಗಿಲ್ಲ. ನಿನ್ನ ಚೀಟಿ ತಗೀ."

ಅಕ್ಷರ ಬಾರದವರು ಊರಲ್ಲಿ ಹೇಗೆ ಹಾದಿ ಹಿಡಿಯುತ್ತಾರೆ? ಯಾರನ್ನೋ ಕೇಳುತ್ತಾರೆ, ಅವರು ಕೈ ಮಾಡಿ ತೋರಿಸುತ್ತಾರೆ. ಅಕ್ಷರ ಕೂಡಿಸಿ ಕೂಡಿಸಿ ಓದುವ ನಾನೂ ಜೀವಮಾನವೆಲ್ಲ ಬಸ್ಟ್ಯಾಂಡು, ಆಸ್ಪತ್ರೆ, ಕಚೇರಿ ಮುಟ್ಟಿದ್ದು ಹೀಗೇ. ನೆಲದ ಮೇಲೆ ಹಾಳೆ ಹಾಸಿ ನನ್ನ ಬಲಗೈ ಇಟ್ಟೆ. ಮೂರು ಬೆರಳು ಮಡಚಿ, ತೋರುಬೆರಳು ಚಾಚಿ, ಪವಿ ಕೈಯಿಂದ ಸುತ್ತಲೂ ಗೆರೆ ಎಳೆಸಿದೆ. ಅವಳಿಗೆ ನಗು ಬಂತು.

"ಅಮ್ಮಾ, ಸಂಡಿಗಿ ಒಣಾ ಹಾಕಿದಂಗ ಕಾಣ್ತೈತಿ."

"ಸಂಡಿಗಿನೋ ಹಪ್ಪಳನೋ, ಕಾಣ್ತೈತಿ ಇಲ್ಲ?"

"ಕಾಣ್ತೈತಿ." ಸ್ವಲ್ಪ ಹೊತ್ತು ನೋಡಿ ಅಂದಳು, "ಇದರಾಗ ಕಿವಿ ಸುದ್ದಿನ ಇಲ್ಲ."

"ನಿನ್ನ ಕಿವಿ ಸುದ್ದಿ ಅವರಿಗ್ಯಾಕ ಬೇಕು? ಬಲಕ್ಕ ಹೋದ್ರ ಸಾಕು."

ನನ್ನ ಹಳೆ ಹಸಿರು ಸೀರೆಯಲ್ಲಿ ಕೈ ಕತ್ತರಿಸಿದೆ. ಸುತ್ತ ಹಳದಿ ಅಂಚು ಬೇಕು, ದೂರಕ್ಕೆ ಕಾಣುತ್ತದೆ ಅಂದವಳು ಪವಿ. ಅದೂ ಆಯಿತು.

ಮಾಸ್ತರನಿಗೆ ಕೇಳಿದೆ. ತಲೆ ಕೆರೆದುಕೊಂಡ. ಕೊನೆಗೆ, "ಭಾನುವಾರ ನಮ್ಮ ಮಕ್ಕಳ ನಡುವ ಓಡಿಸಿ ನೋಡ್ತೀನ್ರಿ. ಪವಿ ಎಡಕ್ಕ ಇರ್ಬೇಕು. ಮಕ್ಕಳಿಗೆ ಮೊದಲ ಏನೂ ಹೇಳಬಾರ್ದು, ಕೊಪ್ಪಳದವರಿಗೆ ಯಾರು ಹೇಳ್ತಾರ? ಒಬ್ಬರು ಮುಟ್ಟಿದ್ರೂ ಮುಗೀತು" ಅಂದ. ಮಾತು ಸರಿಯಾಗಿಯೇ ಇತ್ತು, ಒಪ್ಪಿದೆ.

ಶನಿವಾರ ಮಧ್ಯಾಹ್ನ ಹೊಲಿಯಲು ಕೂತೆ. ನಲವತ್ತು ವರ್ಷ ಕೌದಿ ಹೊಲಿದ ಕೈ ನನ್ನದು. ಹಳೆ ಸೀರೆ, ಧೋತರ ಪದರ ಪದರ ಹಾಸಿ, ಮೇಲಿನಿಂದ ತಳದ ತನಕ ಸೂಜಿ ದಾಟಿಸಿ ಹೊಲಿಯುವ ಹೊದಿಕೆ ಅದು. ಒಂದು ಪದರ ತಪ್ಪಿದರೂ ಕೌದಿ ಜೋಲುತ್ತದೆ. ಟೀ ಶರ್ಟನ್ನು ನೆಲಕ್ಕೆ ಸಪಾಟು ಹಾಸಿದೆ, ಬೆರಳು ಬಲಕ್ಕೆ ಬರುವ ಹಾಗೆ ಹಸಿರು ಕೈ ಇಟ್ಟೆ, ಹತ್ತಿರ ಹತ್ತಿರ ಹೊಲಿಗೆ ಹಾಕಿದೆ, ಯಾರೂ ಜಗ್ಗಿ ಕೀಳಬಾರದು ಹಾಗೆ. ಮಡಿಚಿ ಇಟ್ಟೆ. ನನ್ನ ಕೆಲಸದ ಬಗ್ಗೆ ನನಗೆ ಸೊಕ್ಕೇ ಇತ್ತು.

ಭಾನುವಾರ ರಸ್ತೆಗೆ ಹೋಗಿ ಅಂಗಿ ಮೇಲೆ ಹಾಕಿಕೊಳ್ಳಲೆಂದು ಪವಿ ಕೈ ಎತ್ತಿದಳು. ತಲೆ ಹೊರಬರದೆ ಟೀ ಶರ್ಟು ನಡುವೆಯೇ ನಿಂತಿತು. ಒಳಗಿನಿಂದ ಜಗ್ಗಾಡಿದಳು. "ಅಮ್ಮಾ, ಹೋಗವಲ್ಲದು!" ನಾನು ಬಗ್ಗಿ ನೋಡಿದೆ. ಬೆನ್ನು, ಎದೆ ಎರಡನ್ನೂ ಸೇರಿಸಿ ಹೊಲಿದುಬಿಟ್ಟಿದ್ದೆ. ಗುಂಪಿನ ಹೆಸರಿನ ಮಧ್ಯದಿಂದ ನನ್ನ ದಾರ ಹಾಯ್ದಿತ್ತು.

ರೇಣುಕಾ ಅವತ್ತು ಬಂದಿದ್ದಳು. "ಅತ್ತೀ, ಕೂಸಿನ ಅಂಗಿನೂ ಕೌದಿ ಮಾಡೀರೇನ್ರಿ!" ಅಂದಳು. ಮಕ್ಕಳೆಲ್ಲ ಕೇಕೆ ಹಾಕಿ ನಕ್ಕರು. ಪವಿ ನಗಲಿಲ್ಲ. ಮಾಸ್ತರ ಗಡಿಯಾರ ನೋಡಿಕೊಂಡ. ಬಿಸಿಲು ಏರಿದರೆ ಡಾಂಬರು ಮೆತ್ತಗಾಗಿ ಗಾಲಿ ಹಿಡಿಯುತ್ತದೆ, ಆಮೇಲೆ ಓಡಿಸುವಂತಿಲ್ಲ.

"ಬ್ಲೇಡ್ ಕೊಡು ಯಾರರ" ಅಂದೆ. ಒಬ್ಬಳ ಕಂಪಾಸಿನಲ್ಲಿ ಪೆನ್ಸಿಲ್ ಹೆರೆಯುವ ಬ್ಲೇಡು ಇತ್ತು. ಪೈಪಿನ ಮೇಲೆ ಕೂತು ಒಂದೊಂದೇ ಹೊಲಿಗೆ ಬಿಚ್ಚಿದೆ. ಅಷ್ಟು ಬಿಗಿ ಹೊಲಿದವಳಿಗೆ ಮನಸ್ಸಿನಲ್ಲೇ ಬೈದುಕೊಂಡೆ. ಮಾಸ್ತರ ಹಾಜರಿ ಹಾಕುವ ರಟ್ಟಿನ ಪ್ಯಾಡು ಬಗಲಲ್ಲಿತ್ತು. ಕಸಿದುಕೊಂಡು ಶರ್ಟಿನ ಒಳಗೆ ತುರುಕಿದೆ, ಸೂಜಿ ಆಚೆ ದಾಟದ ಹಾಗೆ.

"ಅಮ್ಮಾರೇ, ಹಾಜರಿ..."

"ಎಲ್ಲಾರೂ ಬಂದಾರ. ಬರಕೋ."

ಹೆಬ್ಬೆರಳಿಗೆ ಸೂಜಿ ಚುಚ್ಚಿತು. ಜಗ್ಗುವ ಬನಿಯನ್ನಿನ ಬಟ್ಟೆ, ಅವಸರದ ಹೊಲಿಗೆ. ತೋರುಬೆರಳು ತುದಿಯಲ್ಲಿ ಸುಕ್ಕಾಗಿ ಸ್ವಲ್ಪ ಮೇಲಕ್ಕೆ ಎದ್ದಿತು. ಮುದುಕಿಯ ಬೆರಳು ಇರುವುದೂ ಹಾಗೇ ತಾನೆ. ಪವಿ ತೊಟ್ಟುಕೊಂಡಳು. ಈ ಸಲ ತಲೆ ಬಂತು, ಕೈ ಬಂದವು.

ಮಾಸ್ತರ ಅವಳನ್ನು ಮೊದಲು ಬಿಟ್ಟ. ಅವಳು ರಸ್ತೆ ನಡುವಿನ ಬಿಳಿ ಗೆರೆಯ ಎಡಕ್ಕೆ ಹೊರಟಳು. ಆಮೇಲೆ ಉಳಿದ ಹದಿಮೂರೂ ಮಕ್ಕಳನ್ನು ಒಟ್ಟಿಗೆ ಬಿಟ್ಟ. ರೇಣುಕಾ ಗಿರಣಿ ಕಡೆ ಮುಖ ತಿರುಗಿಸಿ ನಿಂತಳು. ಗಾಲಿಗಳ ಸದ್ದು ಡಾಂಬರಿನ ಮೇಲೆ ಹಿಟ್ಟು ಬೀಸಿದ ಹಾಗೆ. ನನಗೆ ಕೇಳುತ್ತಿತ್ತು, ಅವಳಿಗೆ ಇಲ್ಲ. ಹುಲಿ ಬರೆಸಿದವನು ಮೊದಲು ಹತ್ತಿರ ಬಂದ. ಇನ್ನೇನು ಬೆನ್ನಿಗೆ ಬಿದ್ದ ಅನ್ನುವಾಗ ಬಲಕ್ಕೆ ವಾಲಿ ದಾಟಿದ. ಅವನ ಹಿಂದೆ ಇನ್ನೊಬ್ಬಳು. ಮತ್ತಿಬ್ಬರು. ಕೊನೆಗೆ ಉಳಿದವಳು ಗದ್ದಕ್ಕೆ ಪಟ್ಟಿ ಹಾಕಿಕೊಂಡ ಆ ಸಣ್ಣ ಪೋರಿ. ಪವಿ ಅವಳಿಗಾಗಿ ನಿಧಾನ ಮಾಡಿದಳು ಅಂತ ನನ್ನ ಗುಮಾನಿ. ಪೋರಿ ಬಾಯಿ ತೆರೆದು ಆ ಹಸಿರು ಕೈಯನ್ನೇ ನೋಡುತ್ತಾ ಬಂದು, ಅದು ತೋರಿಸಿದ ಕಡೆ ತಿರುಗಿ, ಗೆರೆ ದಾಟಿ ಮುಂದೆ ಹೋಯಿತು.

"ಅತ್ತೀ, ಮುಗೀತೇನ್ರಿ?"

"ಮುಗೀತು. ಯಾರೂ ಬಿದ್ದಿಲ್ಲ. ಈ ಕಡೆ ನೋಡು."

ಅವಳು ನೋಡಿದಳು. ನಾನು ಪೈಪಿನ ಮೇಲೆ ಕೂತೆ. ಮಾಸ್ತರ ಬಂದು ಪ್ಯಾಡು ಎತ್ತಿಕೊಂಡು ಹಾಜರಿ ಪಟ್ಟಿಯಲ್ಲಿ ಪವಿಯ ಹೆಸರಿನ ಮುಂದೆ ಏನೋ ಗೀಚಿದ. "ಕೊಪ್ಪಳಕ್ಕ ಬಸ್ಸು ಆರೂವರೆಗೆ ಐತ್ರಿ" ಅಂದ. ರೇಣುಕಾ ಡಬ್ಬಿ ಬಿಚ್ಚಿ ಮೊದಲ ತುತ್ತು ಆ ಪೋರಿಯ ಬಾಯಿಗಿಟ್ಟಳು.

ಕೊಪ್ಪಳದಲ್ಲಿ ಗೆದ್ದಳೇ ಅಂತ ಕೇಳಬೇಡಿ. ಗೆಲ್ಲಲಿಲ್ಲ, ಐದನೆಯವಳೋ ಆರನೆಯವಳೋ ಬಂದಳು. ಗುರುತಿಲ್ಲದ ಮಕ್ಕಳು ಅವಳ ಬಲಗಡೆಯಿಂದ ದಾಟಿ ಹೋದರು, ಅವಳೂ ನಾಲ್ಕಾರು ಜನರನ್ನು ದಾಟಿದಳು. ಬರುವಾಗ ಬಸ್ಸಿನಲ್ಲಿ ಮಿರ್ಚಿ ತಿಂದು ಕೈ ಶರ್ಟಿಗೇ ಒರೆಸಿಕೊಂಡು ನನ್ನ ತೊಡೆಯ ಮೇಲೆ ಮಲಗಿದಳು.

ಈಗ ಆ ಪ್ಲಾಟುಗಳಲ್ಲೆಲ್ಲ ಎರಡಂತಸ್ತಿನ ಮನೆಗಳು. ಗೇಟಿಗೊಂದು ಕಾರು, ಹತ್ತು ಮಾರಿಗೊಂದು ಹಂಪು. ಬೆಳಗಿನ ಆರಕ್ಕೆ ಅಲ್ಲಿ ಒಂದು ಮಗುವೂ ಕಾಣುವುದಿಲ್ಲ. ಆ ಹದಿಮೂರು ಮಕ್ಕಳ ಹೆಸರೂ ನನಗೆ ಮರೆತುಹೋಗಿವೆ. ಪವಿ ಕೊಪ್ಪಳದಲ್ಲಿ ಕೆಲಸದಲ್ಲಿದ್ದಾಳೆ, ಎರಡೂ ಕಿವಿಗೆ ಮಷೀನು ಬಂದಿದೆ, ಸ್ಕೂಟಿ ಓಡಿಸುತ್ತಾಳೆ. ಹೋದ ಸಲ ಅವಳ ಹಿಂದೆ ಕೂತು ಪೇಟೆಗೆ ಹೋಗಿದ್ದೆ. ಹಿಂದಿನವರೆಲ್ಲ ಹಾರ್ನು ಬಡಿಯುತ್ತಲೇ ಬಂದರು. ಮುಂದೆ ಯಾರಿದ್ದಾರೆ, ಏನಿದ್ದಾರೆ ಅಂತ ಒಬ್ಬರೂ ನೋಡುವುದಿಲ್ಲ, ತಾವಾಗಿ ಒಂದು ಗೇಣು ಸರಿಯುವುದಿಲ್ಲ. ಪವಿ ಅರ್ಧ ತಿರುಗಿ ಒಬ್ಬನಿಗೆ ಬಾಯಿ ತುಂಬ ಬೈದಳು.

ಬೈಯಲಿ. ಹಾರ್ನು ಕೇಳಿಸಿತಲ್ಲ.