ಬಾಯಿಗೆ ಹಿಡಿದ ಸೆರಗು

ಬನಹಟ್ಟಿಯ ನೇಕಾರರೊಬ್ಬರು ತೀರಿಕೊಂಡ ಹೆಂಡತಿಯ ಚಿತ್ರ ಬರೆಸಲು ನನ್ನನ್ನು ಕರೆಸಿದ್ದರು. ಮನೆಯಲ್ಲಿದ್ದದ್ದು ಆಧಾರ್ ಕಾರ್ಡಿನ ಫೋಟೋ ಒಂದೇ. ಅದನ್ನೇ ನೋಡಿ ಗೆರೆ ತಪ್ಪದಂತೆ ಬರೆದುಕೊಟ್ಟೆ.

"ಥೇಟ್ ಕಾರ್ಡಿನ್ಯಾಗ ಇದ್ದಂಗ ಐತ್ರಿ," ಎಂದರು, ಮುಖ ಸಪ್ಪಗೆ ಮಾಡಿಕೊಂಡು. "ಆದ್ರ ಆಕಿ ಇಷ್ಟು ಸಿಟ್ಟಿನಾಕಿ ಅಲ್ರಿ. ಯಾವಾಗ್ಲೂ ನಗತಿದ್ಲು."

"ಹೆಂಗ ನಗತಿದ್ರು?"

ಮಗ್ಗ ನಿಲ್ಲಿಸಿ, ಹೆಗಲ ಮೇಲಿನ ಟವೆಲ್ಲಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ತೋರಿಸಿದರು. "ಹಿಂಗ್ರಿ, ಸೆರಗ ಬಾಯಿಗೆ ಹಿಡಕೊಂಡು."

ಫೋಟೋದ ನಕಲು ಮಾಡಿದರೆ ಅದು ಚಿತ್ರವೇ ಅಲ್ಲ ಎಂದು ಕಂಡಕಂಡಲ್ಲಿ ಜಗಳ ತೆಗೆಯುವವನು ನಾನು. ಬೇರೆ ದಾರಿಯಿಲ್ಲದೆ ಕಾರ್ಡನ್ನು ನಕಲು ಮಾಡಿದ್ದೆ; ಈಗ ಹುರುಪು ಬಂತು. ಬಾಯಿಗೆ ಸೆರಗು, ಕಿರಿದಾದ ಕಣ್ಣು, ಕಣ್ಣಂಚಿನಲ್ಲಿ ಸುಕ್ಕು, ಎಲ್ಲವನ್ನೂ ಮನಸ್ಸಿಟ್ಟು ಬರೆದೆ.

ಅವರು ಅದನ್ನು ಹಿಡಿದು ಬಹಳ ಹೊತ್ತು ನೋಡಿದರು.

"ಇಕಿ ಯಾಕ ಅಳಾಕತ್ತಾಳ್ರಿ?"

ನಾನೂ ನೋಡಿದೆ. ಹೌದು, ಚಿತ್ರದಲ್ಲಿ ಆಕೆ ಅಳುತ್ತಿದ್ದರು. ಸೆರಗು ತೆಗೆದು ಬರೆಯೋಣವೆಂದರೆ, ನಗುವಾಗ ಆ ಬಾಯಿ ಹೇಗಿರುತ್ತಿತ್ತು ಎನ್ನುವುದು ಗಂಡನಿಗೂ ಗೊತ್ತಿರಲಿಲ್ಲ. ಇಷ್ಟು ವರ್ಷ ಅವರು ನೋಡಿದ್ದೂ ಸೆರಗನ್ನೇ.

ಕೊನೆಗೆ ಕಾರ್ಡಿನ ಫೋಟೋವನ್ನೇ ದೊಡ್ಡದು ಮಾಡಿಸಿ ಗೋಡೆಗೆ ಹಾಕಿದರು.

"ಸಿಟ್ಟಿದ್ರ ಇರ್ಲಿ ಬಿಡ್ರಿ," ಎಂದರು. "ಅಳಂಗಿಲ್ಲಲ್ಲ."