ನಾನು ಗಂಡಿನ ಕಡೆಯವನು

ಇಂಟರ್‌ನೆಟ್ಟಿನಲ್ಲಿ ನನಗೆ ಎಷ್ಟು ಹೆಸರುಗಳಿವೆ ಎಂಬುದು ನನಗೇ ತಿಳಿಯದು. ಏನೋ ಓದೋಣವೆಂದು ಹೋದರೆ ಅರ್ಧ ಪ್ಯಾರಾ ತೋರಿಸಿ, ಉಳಿದುದನ್ನು ಮಸುಕು ಮಾಡಿ, ‘ಮೊದಲು ನೋಂದಾಯಿಸಿಕೊಳ್ಳಿ’ ಎನ್ನುವ ಜಾಲತಾಣಗಳಿವೆಯಲ್ಲ, ಅವಕ್ಕೆ ನಿಜ ಹೇಳುವುದು ನನ್ನ ಜಾಯಮಾನಕ್ಕೆ ಒಗ್ಗದು. ಹೆಸರು ಬಾಯಿಗೆ ಬಂದದ್ದು. ಹುಟ್ಟಿದ ದಿನ ಜನವರಿ ಒಂದು. ಉದ್ಯೋಗ ಒಮ್ಮೆ ದಂತವೈದ್ಯ, ಇನ್ನೊಮ್ಮೆ ವಿಮಾನ ಚಾಲಕ. ನಮ್ಮ ಮದ್ದೂರಿನ ಬಸ್ಸಿನಲ್ಲಿ ಪಕ್ಕದ ಸೀಟಿನವರು ‘ಯಾವೂರಾಯ್ತು? ಯಾರ ಪೈಕಿ?’ ಎಂದು ಕೇಳುವುದೂ ಒಂದು ನೋಂದಣಿಯೇ. ಅವರಿಗೆ ಮಾತ್ರ ನಿಜ ಹೇಳಲೇಬೇಕು. ನಿಡಘಟ್ಟ ದಾಟುವುದರೊಳಗೆ ಇಬ್ಬರಿಗೂ ಬೇಕಾದ ಒಬ್ಬ ನೆಂಟ ಪತ್ತೆಯಾಗಿ ಸುಳ್ಳು ಬಯಲಾಗುತ್ತದೆ. ಜಾಲತಾಣಗಳಿಗೆ ನೆಂಟರಿಲ್ಲ ಎಂಬುದೇ ನನ್ನ ಧೈರ್ಯ.

ತೊಂದರೆ ಏನೆಂದರೆ, ನಿಜವನ್ನು ನೆನಪಿಟ್ಟುಕೊಳ್ಳಬೇಕಾಗಿಲ್ಲ, ಸುಳ್ಳನ್ನು ನೆನಪಿಟ್ಟುಕೊಳ್ಳಬೇಕು. ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರ ಓದುವಾಗ ಎಲ್ಲವನ್ನೂ ಸಂದೇಹಿಸಬೇಕೆಂದು ಮೇಷ್ಟರು ಹೇಳಿಕೊಟ್ಟರು. ವಿಧೇಯ ವಿದ್ಯಾರ್ಥಿಯಾದ ನಾನು ಈಚೆಗೆ ಆ ಕೆಲಸವನ್ನು ನನ್ನ ನೆನಪಿಗೂ ವಿಸ್ತರಿಸಿದ್ದೇನೆ. ಮುತ್ತತ್ತಿಗೆ ಟ್ರ್ಯಾಕ್ಟರಿನಲ್ಲಿ ಹೋಗಿ, ಹೊಳೆ ದಡದಲ್ಲಿ ಕೋತಿಯೊಂದು ನಮ್ಮ ಬುತ್ತಿ ಹೊತ್ತೊಯ್ದದ್ದನ್ನು ಮೊನ್ನೆ ನಾನು ನಾಲ್ಕು ಜನರೆದುರು ವರ್ಣಿಸುತ್ತಿದ್ದೆ. ನನ್ನ ಹೆಂಡತಿ ಸಾವಿತ್ರಿ ಎಲ್ಲವನ್ನೂ ಕೇಳಿ, “ಚೆನ್ನಾಗ್ ಹೇಳಿದ್ರಿ. ಆದ್ರೆ ಅವತ್ತು ನಾವಿಬ್ರೂ ಇನ್ನೂ ಮದ್ವೆನೇ ಆಗಿರ್ಲಿಲ್ಲ ಕಣ್ರೀ,” ಎಂದಳು. ಅವಳ ಬಾಯಲ್ಲಿ ಆ ಕಥೆ ಕೇಳಿ ಕೇಳಿ ನಾನೂ ಯಾವಾಗಲೋ ಟ್ರ್ಯಾಕ್ಟರು ಹತ್ತಿಬಿಟ್ಟಿದ್ದೆ.

ಇಂಥ ತಲೆಯನ್ನು ನಂಬಿ ಹೊರಡಬೇಕಾದ ಸಂದರ್ಭವೊಂದು ಈ ವರ್ಷ ಬಂತು.

ಮಳವಳ್ಳಿಯಲ್ಲಿರುವ ನನ್ನ ಭಾಮೈದ ನಿಂಗರಾಜು ಮಗಳ ಮದುವೆ ಇಟ್ಟುಕೊಂಡಿದ್ದ. ನನ್ನ ಅತ್ತೆ, ಅಂದರೆ ಅವನ ತಾಯಿ, ಸುತ್ತಿನ ಹಳ್ಳಿಗಳಲ್ಲೆಲ್ಲ ಸೋಬಾನೆ ಹಾಡಲು ಹೆಸರಾದವರು, ತೀರಿಕೊಂಡು ವರ್ಷಗಳಾದವು. ಅವರ ದನಿ ಉಳಿದಿದ್ದದ್ದು ನಿಂಗರಾಜುವಿನ ಮದುವೆಯ ವಿಡಿಯೊದಲ್ಲಿ ಮಾತ್ರ. ಕ್ಯಾಸೆಟ್ಟಿಗೆ ಬೂಷ್ಟು ಹಿಡಿಯುವ ಮೊದಲು ಮಂಡ್ಯದ ಸ್ಟುಡಿಯೊ ಒಂದು ಅದನ್ನು ಸೀಡಿಗೆ ಹಾಕಿ, ಪ್ರೋಗ್ರಾಮಿನಂತೆ ತಾನೇ ತೆರೆದುಕೊಂಡು ಓಡುವ ಆಲ್ಬಮ್ಮಾಗಿ ಮಾಡಿಕೊಟ್ಟಿತ್ತು. ಸೀಡಿ ಗೀರುಬಿದ್ದು ಹೋದ ಮೇಲೆ ಆ ಆಲ್ಬಂ ಇದ್ದದ್ದು ನಿಂಗರಾಜುವಿನ ಲ್ಯಾಪ್‌ಟಾಪಿನಲ್ಲಷ್ಟೆ. ಮೊಮ್ಮಗಳನ್ನು ಹಸೆಗೆ ಕರೆಯುವಾಗ ಚಪ್ಪರದಡಿ ಅಜ್ಜಿಯ ದನಿಯೇ ಕೇಳಬೇಕು ಎಂಬುದು ಸಾವಿತ್ರಿಯ ಆಸೆ. ಆಸೆ ಎಂದರೆ ಕಡಿಮೆಯಾಯಿತು, ಹಟ.

ಅಷ್ಟರಲ್ಲಿ ನಾನು ಆ ಲ್ಯಾಪ್‌ಟಾಪಿಗೆ ಉಪಕಾರ ಮಾಡಿದ್ದೆ. ಕಾವಲಿಲ್ಲದ ಮನೆ ಎಂದು ಮರುಗಿ, ಬಿಟ್ಟಿ ಸಿಗುವ ಆಂಟಿವೈರಸ್ ಒಂದನ್ನು ಹಾಕಿಕೊಟ್ಟಿದ್ದೆ. ಬಿಟ್ಟಿ ಕಾವಲುಗಾರನ ಸ್ವಭಾವ ನಿಮಗೆ ಗೊತ್ತಿರಬಹುದು. ಕಳ್ಳ ಬರದಿದ್ದರೆ ತನ್ನ ಕೆಲಸ ಹೋದೀತೆಂದು ಮನೆಯವರನ್ನೇ ಹಿಡಿಯುತ್ತಾನೆ. ತಾನೇ ತೆರೆದುಕೊಳ್ಳುವ ಆ ಆಲ್ಬಂ ಅವನ ಕಣ್ಣಿಗೆ ಕಳ್ಳನಂತೆ ಕಂಡು, ಕೊರೊನಾ ಕಾಲದಲ್ಲಿ ನಾವೆಲ್ಲ ಕಲಿತ ಕ್ವಾರಂಟೈನಿಗೆ ಅತ್ತೆಯವರನ್ನು ತಳ್ಳಿಬಿಟ್ಟಿದ್ದ.

“ತೆಗ್ದಾಕಿದೀನಿ ಅಂತ ಕೆಂಪಕ್ಸರದಲ್ಲಿ ಬಂತು ಭಾವ. ಮುಗೀತು, ಬುಡಿ,” ಎಂದ ನಿಂಗರಾಜು. ಮನೆ ಮುಂದೆ ಚಪ್ಪರದ ಕಂಬಕ್ಕೆ ಗುಳಿ ತೋಡಿಸುತ್ತಿದ್ದವನು ಕೈ ಮಣ್ಣು ಕೊಡವುತ್ತ ಬಂದು ನಿಂತಿದ್ದ.

“ತೆಗೆದುಹಾಕಿಲ್ಲ, ಕೂಡಿಹಾಕಿದೆ ಅಷ್ಟೆ. ಒಂದು ತಿಂಗಳಾದ ಮೇಲೆ ಅಳಿಸುತ್ತದೆ. ಬಿಡಿಸಲು ದಾರಿಯಿದೆ, ನಾನು ಓದಿದ್ದೇನೆ,” ಎಂದೆ.

“ಎಲ್ಲಿ ಓದಿದ್ರಿ?”

“ಎಲ್ಲೋ,” ಎನ್ನುತ್ತ ನಾನು ಲ್ಯಾಪ್‌ಟಾಪ್ ತೆರೆದೆ.

“ಮುತ್ತತ್ತಿಲಿ ಓದಿರ್ಬೇಕು ಕಣ್ಲಾ, ಟ್ರ್ಯಾಕ್ಟರ್ ಮ್ಯಾಲೆ ಕೂತ್ಕೊಂಡು,” ಎಂದಳು ಸಾವಿತ್ರಿ ತಮ್ಮನಿಗೆ. ತವರಿಗೆ ಬಂದರೆ ಅವಳ ಮಾತಿಗೂ ತವರಿನ ಮೊನೆ ಬರುತ್ತದೆ. ಆದರೆ ಅವಳ ಕಣ್ಣು ನಗುತ್ತಿರಲಿಲ್ಲ. ತಿಂಗಳು ತುಂಬುತ್ತ ಬಂದಿತ್ತು.

ಹುಡುಕಿದೆ. ಸಿಕ್ಕಿತು! ಕಂಪ್ಯೂಟರು ಬಲ್ಲವರು ಪರಸ್ಪರ ಪ್ರಶ್ನೆ ಕೇಳಿಕೊಳ್ಳುವ ತಾಣ. ನನ್ನ ಸಮಸ್ಯೆಯೇ ತಲೆಬರಹ. ಉತ್ತರದ ಮೊದಲ ಸಾಲು ಕಾಣುತ್ತದೆ, ಉಳಿದದ್ದು ಗೋಡೆಯಾಚೆ. ನೋಂದಾಯಿಸಲು ಹೋದರೆ ನನ್ನ ಇಮೇಲ್ ನೋಡಿ ‘ನೀವು ಆಗಲೇ ಸದಸ್ಯರು’ ಎಂದಿತು. ಪಾಸ್‌ವರ್ಡ್ ಮರೆತಿದ್ದೇನೆ ಎಂದೆ. ‘ನಿಮ್ಮ ಮೊದಲ ಸಾಕುಪ್ರಾಣಿಯ ಹೆಸರೇನು?’ ಎಂದು ಕೇಳಿತು. ನಮ್ಮ ಮನೆಯ ನಾಯಿ, ಬೆಕ್ಕು, ಎತ್ತುಗಳ ಹೆಸರನ್ನೆಲ್ಲ ಕೊಟ್ಟೆ. ಯಾವುದೂ ಅಲ್ಲ. ಆ ದಂತವೈದ್ಯನೋ ವಿಮಾನ ಚಾಲಕನೋ ಏನನ್ನು ಸಾಕಿದ್ದನೋ ನನಗೆ ಹೇಗೆ ಗೊತ್ತು? ತಾಣ ಬೇಸತ್ತು, ನಾಳೆ ಬಾ ಎಂದು ಬಾಗಿಲು ಹಾಕಿಕೊಂಡಿತು.

“ನಿಮ್ಮನ್ನೇ ನೀವು ಗುರ್ತಿಸ್ನಾರ್ರಿ,” ಎಂದು ನಿಂಗರಾಜು ಗುಳಿಯ ಕಡೆಗೆ ಹೋದ.

ಆಗ ನನಗೆ ನೆನಪಾದದ್ದು ನಮ್ಮ ಕಡೆಯ ಮದುವೆಮನೆಯ ಹಳೆಯ ವಿದ್ಯೆ. ಕರೆಯದ ಊಟಕ್ಕೆ ಹೋದವನು ಹೆಣ್ಣಿನ ಕಡೆಯವರು ತಡೆದರೆ ಗಂಡಿನ ಕಡೆಯವನು ಎನ್ನಬೇಕು. ಯಾರಾದರೂ ಗಂಡಿನ ಕಡೆಯವರನ್ನು ತಡೆದು ಕೆಟ್ಟಾರೆಯೆ? ಜಾಲತಾಣಗಳಿಗೂ ಒಂದು ಗಂಡಿನ ಕಡೆ ಇದೆ. ಪುಟಗಳನ್ನು ಓದಿ ಪಟ್ಟಿಮಾಡಲು ಸರ್ಚ್ ಎಂಜಿನ್ ಕಳಿಸುವ ರೋಬಾಟ್ ಬಂದರೆ ಅವು ಗೋಡೆ ಸರಿಸಿ, ಎಲೆ ಹಾಕಿ, ಎಲ್ಲವನ್ನೂ ಬಡಿಸುತ್ತವೆ. ಅದು ಮುನಿಸಿಕೊಂಡರೆ ಅವುಗಳ ಹೆಸರೇ ಯಾರಿಗೂ ಸಿಗದು. ಬ್ರೌಸರು ಪ್ರತಿ ಬಾಗಿಲಲ್ಲೂ ತಾನು ಯಾರೆಂದು ಪ್ರವರ ಒಪ್ಪಿಸುತ್ತದೆ. ಆ ಪ್ರವರವನ್ನು ನಾವು ಬದಲಿಸಬಹುದು. ಇದರಲ್ಲಿ ಪಾಪವೂ ಬಹಳವಿಲ್ಲ. ಇಂದಿನ ಬ್ರೌಸರುಗಳೆಲ್ಲ ಹಿಂದೆ ಸತ್ತುಹೋದ ಒಂದು ಬ್ರೌಸರಿನ ವಂಶಸ್ಥರೆಂದು ಹೇಳಿಕೊಂಡೇ ಒಳಗೆ ಹೋಗುವುದು. ಊರಿಗೊಂದು ಮನೆತನ ಪಾಳೇಗಾರರ ಪೈಕಿ ಎಂದುಕೊಳ್ಳುವುದಿಲ್ಲವೆ, ಹಾಗೆ.

ಬ್ರೌಸರಿನ ಸೆಟ್ಟಿಂಗಿನ ಹಿತ್ತಲಿಗೆ ಹೋಗಿ, ನಾನೇ ಆ ರೋಬಾಟ್ ಎಂದು ಹೆಸರು ಬದಲಿಸಿ, ಮತ್ತೆ ಬಾಗಿಲು ಬಡಿದೆ.

ಗೋಡೆ ಇರಲೇ ಇಲ್ಲ. ಪೂರ್ತಿ ಉತ್ತರ ಎದುರಿಗಿತ್ತು: ‘ಸುಮ್ಮನೆ ಬಿಡಿಸಿದರೆ ಮತ್ತೆ ಹಿಡಿಯುತ್ತದೆ. ಮೊದಲು ಆ ಫೈಲಿಗೆ ವಿನಾಯಿತಿ ಕೊಡಿ, ಆಮೇಲೆ ಬಿಡಿಸಿ.’ ನನ್ನ ತಲೆ ಸುಳ್ಳು ಹೇಳಿರಲಿಲ್ಲ! ಪ್ರಪಂಚದ ವಿರುದ್ಧ ಒಂದು ಕೇಸು ಗೆದ್ದವನಂತೆ, “ಸಾವಿತ್ರೀ!” ಎಂದು ಕೂಗಿದೆ. ಹೊರಗೆ ಗುಳಿ ತೋಡುವವರೂ ಹಾರೆ ನಿಲ್ಲಿಸಿದರು.

ಆದರೂ ಸಂದೇಹಿಯ ಧರ್ಮ ಬಿಡಲಾಗದು. ಕಾವಲುಗಾರ ಹೇಳಿದ್ದೇ ನಿಜವಾಗಿದ್ದರೆ? ಬಿಡಿಸಿದ ಆಲ್ಬಮ್ಮನ್ನು ತೆರೆಯದೆ, ಹತ್ತಾರು ಆಂಟಿವೈರಸ್ಸುಗಳಿಗೆ ಒಟ್ಟಿಗೆ ತೋರಿಸುವ ತಾಣವೊಂದಕ್ಕೆ ಒಯ್ದೆ. ಒಂದೆರಡು ಗೊಣಗಿದವು, ಉಳಿದವೆಲ್ಲ ‘ಒಳ್ಳೆ ಮನೆತನ’ ಎಂದವು. ತೆರೆದೆ. “ಲೇ, ಆ ಲೈಟ್ನ ಆಕಡೀಕ್ ತಿರುಗ್ಸ್ಲಾ, ಕಣ್ಗ್ ಒಡೀತದೆ,” ಎಂದು ಅತ್ತೆಯವರು ವಿಡಿಯೊದವನನ್ನು ಗದರಿ ಹಾಡಲು ಶುರುಮಾಡಿದರು. ಕೂಗು ಕೇಳಿ ಬಂದ ನಿಂಗರಾಜು ಬಾಗಿಲ ಬಳಿಯೇ ನಿಂತಿದ್ದ. “ಅವ್ವ ಕಣಕ್ಕ,” ಎಂದ, ನಮಗೆ ಗೊತ್ತಿಲ್ಲವೆಂಬಂತೆ. ಸಾವಿತ್ರಿ ಸೆರಗಿನಿಂದ ಲ್ಯಾಪ್‌ಟಾಪಿನ ಪರದೆಯನ್ನು ಒರೆಸಿದಳು. ಅದರಲ್ಲಿ ಧೂಳೇನೂ ಇರಲಿಲ್ಲ.

ಮದುವೆಗೆ ಧ್ವನಿವರ್ಧಕಕ್ಕೇ ಜೋಡಿಸಿದೆವು. ಹುಡುಗಿಯನ್ನು ಹಸೆಗೆ ಕರೆಯುವಾಗ ಅತ್ತೆಯವರ ದನಿ ಚಪ್ಪರ ತುಂಬಿತು. ನಾನು ಮೀಸೆ ಇಲ್ಲದಿದ್ದರೂ ತಿರುವಿಕೊಂಡೆ. ಮೂರನೆಯ ನುಡಿಗೆ ಬಂದಾಗ ದನಿ ನಿಂತಿತು. ಫೈಲು ಕೆಟ್ಟಿತೆಂದು ನಾನು ಎದ್ದೇಬಿಟ್ಟೆ. ಅಷ್ಟರಲ್ಲಿ ಅತ್ತೆಯವರ ಹಾಡಿನ ಜೊತೆಗಾತಿಯಾಗಿದ್ದ ಚಿಕ್ಕತಾಯಮ್ಮ, ಕೂತಲ್ಲಿಂದಲೇ, ಆ ಸಾಲನ್ನು ಹಾಡಿದರು. ಅವರು ಮುಗಿಸಿದ್ದೇ ತಡ, ಪೆಟ್ಟಿಗೆಯೊಳಗಿನ ಅತ್ತೆ ಕೇಳಿಸಿಕೊಂಡವರಂತೆ ಮುಂದಿನ ಸಾಲು ಎತ್ತಿಕೊಂಡರು. ಚಪ್ಪರದ ಹೆಂಗಸರೆಲ್ಲ ದನಿಗೂಡಿಸಿದರು.

ಊಟದ ಪಂಕ್ತಿಯಲ್ಲಿ, ದನಿ ಅಲ್ಲಿ ಯಾಕೆ ನಿಂತಿತೆಂದು ಚಿಕ್ಕತಾಯಮ್ಮನವರನ್ನು ಕೇಳಿದೆ.

“ಅಲ್ಲೇ ಕಣಪ್ಪ ಯಾವತ್ತೂ ಮರೀತಿದ್ದುದು ಅವ್ಳು,” ಎಂದರು. “ವಿಡಿಯೊ ತಗ್ದಾಗ ನಾನು ಅಡ್ಗೆ ತಾವಿದ್ದೆ, ಅದ್ಕೇ ನಿಂತೋಗದೆ.”

“ಅಷ್ಟು ವರ್ಷ ಹಾಡಿದವರು ಒಂದು ಸಾಲು ಕಲಿಯಲಿಲ್ಲವೆ?”

“ಯಾಕ್ ಕಲೀಬೇಕು? ನಾನು ಪಕ್ದಲ್ಲಿರ್ನಿಲ್ವಾ?”

ಅಂದಿನಿಂದ ಯಾವ ಸಮಾರಂಭಕ್ಕೆ ಹೋದರೂ ನಾನು ಸಾವಿತ್ರಿಯ ಪಕ್ಕದ ಕುರ್ಚಿಯನ್ನು ಇನ್ನೊಬ್ಬರಿಗೆ ಬಿಟ್ಟುಕೊಡುವುದಿಲ್ಲ.